ಟೆಸ್ಕಿಯ ಸರಳು

ಶವಸಂಸ್ಕಾರದ ಮರುದಿನ ಮಂಗಳವಾರ. ಏಳೂವರೆಗೆ ಸ್ಕೂಲ್ ಬಸ್ಸು ಗೇಟಿನ ಮುಂದೆ ನಿಧಾನಿಸದೆ ಹೋಯಿತು. ಮಾರಿಟ್‌ಳ ಮನೆಯಲ್ಲಿ ಮಕ್ಕಳಿಲ್ಲ, ಬಸ್ಸು ಅಲ್ಲಿ ಎಂದೂ ನಿಧಾನಿಸಿದ್ದಿಲ್ಲ. ಆದರೂ ಅದು ನಿಲ್ಲಲಿಲ್ಲವಲ್ಲ ಎಂದು ಅವಳಿಗೆ ಅನಿಸಿದ್ದು ಅಂದೇ.

ಅಡುಗೆಮನೆಯ ಮೇಜಿನ ಮೇಲೆ ಊರವರ ಪಾತ್ರೆಗಳು ಸಾಲಾಗಿದ್ದವು. ಒಂದೊಂದರ ತಳಕ್ಕೂ ಕಾಗದದ ಟೇಪ್ ತುಂಡು, ಅದರ ಮೇಲೆ ಮನೆಯವರ ಹೆಸರು. ಅವಳು ಒಂದೊಂದನ್ನೇ ತೊಳೆದು, ಒರೆಸಿ, ಹೆಸರು ಮೇಲೆ ಬರುವಂತೆ ಬೋರಲು ಹಾಕಿದಳು. ಯಾರದನ್ನು ಯಾವಾಗ ವಾಪಸು ಕೊಡಬೇಕೆಂದು ಯೋಚಿಸುವುದು ಅವಳಿಗೆ ಹಿತವಾಗಿತ್ತು. ಬೇರೇನನ್ನೂ ಯೋಚಿಸಬೇಕಾಗಿರಲಿಲ್ಲ.

ಅವಳ ಗಂಡ ಎಮೆಟ್‌ಗೆ ಮೂವತ್ತನಾಲ್ಕು ವಯಸ್ಸು. ಹೋದ ಗುರುವಾರ ಕೊಟ್ಟಿಗೆಯ ಪಕ್ಕ ಸೌದೆ ಪೇರಿಸುತ್ತಿದ್ದವನ ತಲೆಯೊಳಗಿನ ರಕ್ತನಾಳವೊಂದು ಒಡೆದಿತ್ತು. ಅವನಿಗೆ ನೋವು ತಿಳಿದಿರಲಿಕ್ಕಿಲ್ಲ ಎಂದರು ಡಾಕ್ಟರು. ಎಲ್ಲರಿಗೂ ಹೀಗೇ ಹೇಳುತ್ತಾರೇನೋ ಎಂದುಕೊಂಡಿದ್ದಳು ಮಾರಿಟ್. ಬೋಜ್‌ಮನ್ನಿನಲ್ಲಿ ಮಣ್ಣಿನ ವಿಜ್ಞಾನ ಓದಿದ್ದವಳು. ಜಿಲ್ಲಾ ಕೃಷಿ ಕಚೇರಿಯಲ್ಲಿ ರೈತರು ತರುವ ಮಣ್ಣನ್ನು ಪರೀಕ್ಷಿಸುವುದು ಅವಳ ಕೆಲಸ. ನೋಡಲು ಒಳ್ಳೆಯ ಮಣ್ಣು ಎಂದು ಅವಳು ಯಾವ ಮಣ್ಣನ್ನೂ ನಂಬಿದವಳಲ್ಲ.

ಎಂಟು ಗಂಟೆಗೆ ವರ್ಲಿನ್ ಕ್ರೂಸ್‌ನ ಪಿಕಪ್ ಅಂಗಳಕ್ಕೆ ಬಂತು. ನದಿಯ ಆಚೆ ದನ ಸಾಕಿಕೊಂಡಿರುವವನು, ಎಮೆಟ್‌ಗಿಂತ ಹತ್ತು ವರ್ಷ ದೊಡ್ಡವನು. ಒಂದು ಕೈಯಲ್ಲಿ ಅವನ ಹೆಂಡತಿ ಲೋರ್ನಾ ಕಳಿಸಿದ ಆಲೂಗಡ್ಡೆಯ ತಟ್ಟೆ, ಇನ್ನೊಂದರಲ್ಲಿ ಹಳೇ ಹಾಸಿಗೆ ಬಟ್ಟೆಯಲ್ಲಿ ಸುತ್ತಿದ ರೈಫಲ್. ಟೋಪಿ ತೆಗೆದ, ಆದರೆ ಕೂರಲಿಲ್ಲ.

“ನಿನ್ನೆ ತರೋದು ಸರಿ ಕಾಣ್ಲಿಲ್ಲ. ಇವತ್ತೂ ಸರಿ ಕಾಣಲ್ಲ. ಆದ್ರೆ ಬೇಟೆ ಸೀಸನ್ ಮುಗಿಯೋಕೆ ಇನ್ನೂ ಹದಿನೆಂಟು ದಿನ ಇದೆ, ಮಾರಿಟ್.”

ಬಟ್ಟೆ ಬಿಚ್ಚಿದ. ನಳಿಕೆಯ ತುದಿಯಲ್ಲಿ ಬೆರಳುದ್ದದ ಉಕ್ಕಿನ ಬ್ರೇಕು. ಗುಂಡು ಹಾರಿದಾಗ ಹೊಗೆಯನ್ನು ಎರಡೂ ಪಕ್ಕದ ಕಿಂಡಿಗಳಿಂದ ಹೊರಗೆ ನೂಕಿ, ಭುಜದ ಮೇಲಿನ ಒದೆತ ತಗ್ಗಿಸುವ ಸಾಧನ. ಅದರ ಒಂದು ಪಕ್ಕ ಒಡೆದ ಬೀಜದ ಸಿಪ್ಪೆಯಂತೆ ಹೊರಕ್ಕೆ ಬಿರಿದಿತ್ತು. ಅಕ್ಟೋಬರಿನಲ್ಲಿ ಅದನ್ನು ಕೂರಿಸಿದವನು ಎಮೆಟ್.

ವರ್ಲಿನ್ ನಡೆದದ್ದನ್ನು ನೆಲ ನೋಡಿಕೊಂಡು ಹೇಳಿದ. ಹೋದ ಬುಧವಾರ ಗುಡ್ಡದ ಏಣಿನ ಮೇಲೆ ಗಂಡ ಹೆಂಡತಿ ಎಲ್ಕ್ ಜಿಂಕೆಗಾಗಿ ಕಾದು ಕೂತಿದ್ದರು. ಲೋರ್ನಾ ಪಕ್ಕದಲ್ಲೇ ದುರ್ಬೀನು ಹಿಡಿದಿದ್ದಳು. ವರ್ಲಿನ್ ಬಂದೂಕಿನ ಕುದುರೆ ಎಳೆದ. ಗುಂಡು ಬ್ರೇಕಿನ ಒಳಗೋಡೆಗೆ ಉಜ್ಜಿಕೊಂಡು ಹೋಗಿ, ಸಿಡಿದ ಚೂರು ಲೋರ್ನಾಳ ಕೆನ್ನೆ ಸೀಳಿತು. ಐದು ಹೊಲಿಗೆ. ಎಮೆಟ್‌ನನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದೇ ಬೆಟ್ಟ ಇಳಿದು ಬಂದ. ನೋಡಿದರೆ ಇಲ್ಲಿ ಅಂಗಳದ ತುಂಬ ಕಾರುಗಳು ನಿಂತಿದ್ದವು.

“ಅವನ ಕೈ ನಡುಗ್ತಿತ್ತು. ನೀನು ನೋಡಿರ್ಲಿಲ್ವಾ?”

ನೋಡಿದ್ದಳು. ಸೆಪ್ಟೆಂಬರಿನಲ್ಲೇ ಅವನ ಬಲಗೈಯಿಂದ ಕಾಫಿ ಲೋಟ ಜಾರಿತ್ತು. ಕೈ ಜೋಮು ಹಿಡಿದಿದೆ ಅಂದಿದ್ದ.

“ಈ ಕಣಿವೇಲಿ ಹನ್ನೊಂದು ರೈಫಲ್‌ಗೆ ಅವನೇ ಬ್ರೇಕ್ ಹಾಕಿರೋದು. ಸತ್ತೋನ ಮೇಲೆ ಮಾತಾಡೋಕೆ ನಂಗೇನು ಖುಷಿನಾ? ಆದ್ರೆ ನಾಳೆ ಇನ್ಯಾರ್ದೋ ಕಣ್ಣು ಹೋದ್ರೆ? ಗುರುವಾರ ಫೈರ್ ಸ್ಟೇಷನ್ನಿನ ಊರೂಟದಲ್ಲಿ ಎಲ್ರಿಗೂ ಹೇಳ್ತೀನಿ, ಬಿಚ್ಚಿಡಿ ಅಂತ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೆಲಸ ಕೆಟ್ಟಿದ್ದರೆ ಹನ್ನೊಂದು ಮನೆಗೂ ತಿಳಿಯಲೇಬೇಕು. ತಿಳಿಯಿತೆಂದರೆ ಎಮೆಟ್ ಈ ಕಣಿವೆಯಲ್ಲಿ ಉಳಿಯುವುದು ಲೋರ್ನಾಳ ಕೆನ್ನೆಯ ಗಾಯವಾಗಿ. ಗುರುವಾರದವರೆಗೆ ರೈಫಲ್ ತನ್ನ ಹತ್ತಿರ ಇರಲಿ, ಕೆಟ್ಟಿದ್ದರೆ ತಾನೇ ಎದ್ದು ನಿಂತು ಹೇಳುತ್ತೇನೆ ಎಂದಳು ಮಾರಿಟ್.

ವರ್ಲಿನ್ ಬಟ್ಟೆಯ ಅಂಚು ಹಿಂಡಿದ. “ಆ ಮುದುಕ ಟೆಸ್ಕಿಗೆ ತೋರಿಸೋಣ ಅಂತಿದ್ದೆ.”

“ನಾನೇ ತೋರಿಸ್ತೀನಿ.”

“ಬಿಚ್ಚೋದೇನೂ ಬೇಡ ಬಿಡು. ಹೊರಗಿಂದ್ಲೇ ಕಾಣುತ್ತಲ್ಲ.”

ಅವನು ಹೋದ ಮೇಲೂ ಆ ಮಾತು ಅಡುಗೆಮನೆಯಲ್ಲೇ ಉಳಿಯಿತು. ರೈಫಲ್ ಎಣ್ಣೆ ಹಚ್ಚಿ ಒರೆಸಿ ಲಕಲಕ ಅನ್ನುತ್ತಿತ್ತು. ಬೇಟೆಯವರೆಲ್ಲ ಹಾಗೇ ಒರೆಸುತ್ತಾರೆ ನಿಜ. ಆದರೆ ಹೆಂಡತಿಯ ಮುಖ ಸೀಳಿದ ರೈಫಲ್ಲನ್ನು ಇಷ್ಟು ಚೊಕ್ಕಟ ಮಾಡುವವನು ಏನನ್ನು ಒರೆಸುತ್ತಿದ್ದಾನೆ?

ಹೀಗೆ ಅವನ ಮೇಲೆ ಅನುಮಾನಪಟ್ಟದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅನುಮಾನ ಬಂತು. ಗಂಡನ ತಪ್ಪು ಒಪ್ಪಲಾರದವಳು ಇನ್ನೊಬ್ಬರ ತಪ್ಪು ಹುಡುಕುತ್ತಾಳೆ.

ಎಮೆಟ್ ಬಂದೂಕು ಕೆಲಸ ಮಾಡುತ್ತಿದ್ದ ಕೋಣೆ ಕೊಟ್ಟಿಗೆಯ ಹಿಂಬದಿಯಲ್ಲಿತ್ತು. ಅಲ್ಲಿ ಎಷ್ಟೋ ಸಂಜೆ ಅವಳು ದೀಪ ಹಿಡಿದು ನಿಂತಿದ್ದಳು. ಕೆಲಸ ಅವಳಿಗೆ ಬಾಯಿಪಾಠ. ನಳಿಕೆಯ ತುದಿಯಲ್ಲಿ ಲೇತ್ ಮೇಲೆ ತಿರುಪು ಕೊರೆಯಬೇಕು. ಬ್ರೇಕನ್ನು ತಿರುಗಿಸಿ ಕೂರಿಸಿದಾಗ ಕಿಂಡಿಗಳು ಎಡಕ್ಕೂ ಬಲಕ್ಕೂ ಸಮವಾಗಿ ನಿಲ್ಲಬೇಕು. ಹಾಗೆ ನಿಲ್ಲಿಸಲು ನಡುವೆ ಈರುಳ್ಳಿ ಪೊರೆಯಷ್ಟು ತೆಳ್ಳಗಿನ ಉಕ್ಕಿನ ವಾಷರ್. ಕೊನೆಗೆ ನಳಿಕೆಯೊಳಕ್ಕೆ ಅದೇ ಅಳತೆಯ ನೇರ ಸರಳು ಇಳಿಸಿ, ಬ್ರೇಕಿನ ತೂತಿನ ನಟ್ಟನಡುವೆ ಅದು ಬರುತ್ತದೆಯೇ ಎಂದು ನೋಡಬೇಕು. ಒಂದು ಪಕ್ಕಕ್ಕೆ ವಾಲಿದರೂ ಗುಂಡು ತಾಗುತ್ತದೆ.

ಒಂದೊಂದು ಕೆಲಸಕ್ಕೂ ಎಮೆಟ್ ಒಂದೊಂದು ರಟ್ಟಿನ ಚೀಟಿ ಬರೆದು ತಂತಿಗೆ ಪೋಣಿಸುತ್ತಿದ್ದ. ವರ್ಲಿನ್‌ನ ಚೀಟಿ ಸಿಕ್ಕಿತು. ಅಕ್ಟೋಬರ್ ಎರಡು. ಏಳು ಮಿಲಿಮೀಟರ್. ಉಕ್ಕಿನ ವಾಷರ್ ಒಂದು. ‘ಸರಳು’ ಎಂಬುದರ ಮುಂದೆ ಸರಿ ಗುರುತು. ಅಕ್ಷರಗಳು ಓರೆಯಾಗಿದ್ದವು.

ಗೋಡೆಯ ಮೊಳೆಗಳಿಂದ ಅವನ ಸರಳುಗಳನ್ನು ಇಳಿಸಿದಳು. ಏಳು ಮಿಲಿಮೀಟರಿನದನ್ನು ಕಲ್ಲಿನ ಸಮತಟ್ಟು ಹಾಸಿನ ಮೇಲಿಟ್ಟು ಉರುಳಿಸಿದಳು. ಉರುಳುತ್ತ ಉರುಳುತ್ತ ಸರಳಿನ ನಡುಭಾಗಕ್ಕೂ ಕಲ್ಲಿಗೂ ನಡುವೆ ಬೆಳಕಿನ ಎಳೆಯೊಂದು ಕಂಡು ಮಾಯವಾಯಿತು, ಮತ್ತೆ ಕಂಡಿತು.

ಸರಳು ಡೊಂಕಾಗಿತ್ತು.

ಅವಳು ಸ್ಟೂಲಿನ ಮೇಲೆ ಕೂತಳು. ಡೊಂಕು ಸರಳು ಹಿಡಿದು ನೇರ ಇದೆ ಎಂದು ಗುರುತು ಹಾಕಿದನೇ? ಅಕ್ಟೋಬರಿನಲ್ಲಿ ಅವನು ಮಾಡಿದ ಇನ್ನೊಂದು ಸಂಗತಿಯೂ ಅವಳಿಗೆ ಅರ್ಥವಾಗಿರಲಿಲ್ಲ. ವಾರಕ್ಕೆ ಎರಡು ಮೂರು ಸಂಜೆ “ಸುಮ್ನೆ ಒಂದು ಸುತ್ತು” ಎಂದು ಪಿಕಪ್ ತೆಗೆದು ಹೋಗುತ್ತಿದ್ದ. ಒಂದು ಸಲ ಅವಳು ಗಾಡಿಯ ಮೀಟರ್ ನೋಡಿದ್ದಳು. ಮೂವತ್ತೊಂದು ಮೈಲಿ. ಕೇಳಿರಲಿಲ್ಲ. ಕೇಳದೆ, ಒಗೆಯುವ ಮೊದಲು ಅವನ ಅಂಗಿ ಮೂಸಿದ್ದಳು.

ಕಲ್ಲುಹಾಸಿನ ಕೆಳಗಿನ ಗೂಡಿನಲ್ಲಿ ಪ್ಲಾಸ್ಟಿಕ್ ಕೊಳವೆಯೊಂದಿತ್ತು. ಅದರೊಳಗೆ ಅದೇ ಅಳತೆಯ ಇನ್ನೊಂದು ಸರಳು, ಎಣ್ಣೆ ಬಟ್ಟೆ ಸುತ್ತಿದ್ದು. ಕೊಳವೆಯ ಮೇಲೆ ಕಾಗದದ ಟೇಪ್, ಎಮೆಟ್‌ನ ಕೈಬರಹ: ‘ಟೆಸ್ಕಿಯದು. ವಾಪಸು ಕೊಡುವುದು.’

ಆರ್ವಿಲ್ ಟೆಸ್ಕಿ ಎಮೆಟ್‌ಗೆ ಕೆಲಸ ಕಲಿಸಿದವನು. ಎಂಬತ್ತು ಸಮೀಪಿಸಿತ್ತು, ಕಿವಿ ಎಂದೋ ಮಂದವಾಗಿತ್ತು. ನೆಲಮಾಳಿಗೆಯ ಕಾರ್ಯಾಗಾರದಲ್ಲಿ ಹೀಟರಿನ ಪಕ್ಕ ಕೂತು, ಮಾರಿಟ್ ತಂದಿದ್ದನ್ನೆಲ್ಲ ಒಂದು ಸಲ ನೋಡಿದ. ಎಮೆಟ್ ಈ ಸರಳನ್ನು ಯಾವತ್ತು ತೆಗೆದುಕೊಂಡು ಹೋದ ಎಂದು ಅವಳು ಜೋರಾಗಿ ಕೇಳಿದಳು. ಏಕೆಂದು ಮಾತ್ರ ಹೇಳಲಿಲ್ಲ. ಏಕೆಂದು ಗೊತ್ತಾದರೆ ಮುದುಕ ಶಿಷ್ಯನಿಗೆ ಅನುಕೂಲವಾದ ತಾರೀಖು ಹೇಳಬಹುದು.

“ನಾನು ವಾಪಸ್ ಕೇಳ್ಲೇ ಇಲ್ವಲ್ಲ.”

“ಯಾವತ್ತು, ಟೆಸ್ಕಿ?”

ಅವನು ಮೆಟ್ಟಿಲ ಕಡೆ ಮುಖ ಮಾಡಿ ಹೆಂಡತಿಯನ್ನು ಕೂಗಿದ. “ಫರ್ನ್, ಎಮೆಟ್ ಬಂದು ಸರಳು ತಗೊಂಡು ಹೋಗಿದ್ದು ಯಾವತ್ತೇ?”

“ಸೇಬಿನ ಜಾಮ್ ಮಾಡಿದ ದಿನ,” ಎಂದಳು ಫರ್ನ್ ಮೇಲಿನಿಂದ. “ನೀನು ಸೀಸೆಗಳನ್ನ ಮೆಟ್ಟಿಲ ಮೇಲೇ ಬಿಟ್ಟಿದ್ದೆ, ಆ ಹುಡುಗ ಎಡವಿ ಬೀಳೋದ್ರಲ್ಲಿದ್ದ. ನಿಂಗೆ ಕಿವಿ ಮಾತ್ರ ಅಲ್ಲ, ನೆನಪೂ ಹೋಗಿದೆ. ಒಂಬತ್ತನೇ ತಾರೀಖು. ಸೀಸೆ ಮೇಲೇ ಬರ್ದಿದೆ, ಬೇಕಾದ್ರೆ ನೋಡ್ಕೋ.”

ಮಾರಿಟ್ ಮೆಟ್ಟಿಲು ಹತ್ತಿ ಹೋಗಿ ಸೀಸೆ ನೋಡಿದಳು. ಅಕ್ಟೋಬರ್ ಒಂಬತ್ತು. ವರ್ಲಿನ್‌ನ ಕೆಲಸವಾಗಿ ಏಳು ದಿನಕ್ಕೆ. ಕೆಳಗಿಳಿದು ಬಂದು ಆಗ ಎಲ್ಲವನ್ನೂ ಹೇಳಿದಳು. ಅದೇ ಜೋರು ದನಿ, ಏರಲಿಲ್ಲ, ಇಳಿಯಲಿಲ್ಲ.

“ಅಂದ್ರೆ ಎರಡನೇ ತಾರೀಖು ಅವನ ಹತ್ರ ಇದ್ದದ್ದು ಡೊಂಕು ಸರಳು ಒಂದೇ. ಅದ್ರಲ್ಲೇ ನೋಡಿ ಸರಿ ಅಂತ ಗುರುತು ಹಾಕಿದಾನೆ.”

ಟೆಸ್ಕಿ ನಳಿಕೆಯನ್ನು ಮೇಜಿನ ವೈಸ್ ಇಕ್ಕಳದಲ್ಲಿ ಬಿಗಿದ. ಪಾನಾ ಕೈಗೆತ್ತಿಕೊಂಡವನು ಅದನ್ನು ಕೆಳಗಿಟ್ಟ. ಒಡೆದ ಬ್ರೇಕು ಬೆರಳಿನಲ್ಲೇ ತಿರುಗಿ ಬಂತು. ಅದರ ಜೊತೆ ಏನೋ ಚೂರೊಂದು ಮೇಜಿನ ಮೇಲೆ ಉದುರಿತು. ಅರ್ಧ ಚಂದ್ರದಂತೆ ಕತ್ತರಿಸಿದ ತೆಳು ತಗಡು. ಒಂದು ಮೈ ಬೆಳ್ಳಗೆ, ಇನ್ನೊಂದು ಮೈ ಹಸಿರು. ಪಾನೀಯದ ಕ್ಯಾನಿನ ತಗಡು.

“ಇದನ್ನ ನಾನು ಕಲಿಸಿದ್ದಲ್ಲ,” ಎಂದ ಟೆಸ್ಕಿ.

ಉಕ್ಕಿನ ವಾಷರ್ ಇರಲಿಲ್ಲ. ಅದರ ಜಾಗದಲ್ಲಿ ಒಂದೇ ಪಕ್ಕಕ್ಕೆ ತಗಡು ಸಿಕ್ಕಿಸಿದ್ದರಿಂದ ಬ್ರೇಕು ಇನ್ನೊಂದು ಪಕ್ಕಕ್ಕೆ ವಾಲಿತ್ತು. ಟೆಸ್ಕಿ ಹೇಳಿದ್ದು ಇಷ್ಟು: ವರ್ಲಿನ್ ಅಕ್ಟೋಬರ್ ಕೊನೆಗೆ ಹೆಂಡತಿಯ ಜೊತೆ ರಸ್ಕ್‌ನ ಬೇಟೆ ಕ್ಯಾಂಪಿಗೆ ಹೋಗಿದ್ದ. ಮಾರ್ಗದರ್ಶಿ ರಸ್ಕ್‌ಗೆ ಬ್ರೇಕು ಕಂಡರಾಗದು. ಅದರ ಸದ್ದು ಪಕ್ಕದಲ್ಲಿರುವವನ ಕಿವಿ ಹರಿಯುತ್ತದೆ. ಯಾರೇ ಬಂದರೂ ಬ್ರೇಕು ಬಿಚ್ಚಿಸಿ ಗೂಟದ ಮೇಲಿಟ್ಟ ಮೇಲೆಯೇ ಊಟಕ್ಕೆ ಕರೆಯುತ್ತಾನೆ. ವರ್ಲಿನ್ ಬಿಚ್ಚಿದಾಗ ಗ್ರೀಸಿಗೆ ಅಂಟಿದ ವಾಷರ್ ಹಿಮದಲ್ಲಿ ಬಿದ್ದಿರಬೇಕು. ಆಮೇಲೆ ರಸ್ಕ್‌ನ ಕಣ್ಣು ತಪ್ಪಿಸಿ ತಾನೇ ಕ್ಯಾನು ಕತ್ತರಿಸಿ, ಕಿಂಡಿಗಳನ್ನು ಕಣ್ಣಂದಾಜಿಗೆ ಸಮ ಮಾಡಿ, ಕೈಯಲ್ಲೇ ಬಿಗಿದಿದ್ದಾನೆ.

ಮಾರಿಟ್ ತಗಡನ್ನೇ ನೋಡುತ್ತಿದ್ದಳು. ನಂಬುವುದು ಸುಲಭವಾಗಿತ್ತು. ಅದಕ್ಕೇ ಅವಳಿಗೆ ನಂಬಿಕೆ ಬರಲಿಲ್ಲ. ತಗಡು ಹಾಕಿದವನು ವರ್ಲಿನ್ ಆಗಿರಬಹುದು. ಆದರೆ ತಿರುಪು ಕೊರೆದವನು ಎಮೆಟ್. ತಿರುಪೇ ವಾಲಿದ್ದರೆ? ಎರಡು ತಪ್ಪು ಒಂದೇ ನಳಿಕೆಯಲ್ಲಿ ಇರಬಾರದು ಎಂದೇನಿಲ್ಲವಲ್ಲ.

“ನೀವು ಅವನನ್ನ ಪ್ರೀತಿಸ್ತಿದ್ರಿ,” ಎಂದಳು. “ನಾನೂ ಅಷ್ಟೇ. ನಮ್ಮಿಬ್ಬರ ಮಾತಿಗೆ ಬೆಲೆ ಇಲ್ಲ.”

ಟೆಸ್ಕಿ ಎದ್ದು ತನ್ನ ಸ್ಟೂಲು ಬಿಟ್ಟುಕೊಟ್ಟ. ಗೂಡಿನಿಂದ ಅದೇ ಮಾದರಿಯ ಹೊಸ ಬ್ರೇಕು ತೆಗೆದು ಮುಂದಿಟ್ಟ. “ಹಾಗಾದ್ರೆ ನೀನೇ ಕೂರಿಸು ಮಗಳೇ. ನಾನು ಮುಟ್ಟಲ್ಲ.”

ಅವಳು ಮೊದಲು ಮಾಡಿದ್ದು ಟೆಸ್ಕಿಯ ಸರಳನ್ನೇ ಅವನ ಕಲ್ಲುಹಾಸಿನ ಮೇಲೆ ಉರುಳಿಸಿದ್ದು. ಎಲ್ಲಿಯೂ ಬೆಳಕು ಇಣುಕಲಿಲ್ಲ. ಮುದುಕನಿಗೆ ಕೋಪ ಬರಲಿಲ್ಲ, ತಲೆಯಾಡಿಸಿದ.

ತಿರುಪಿನಲ್ಲಿ ಸೇರಿದ ಮಸಿಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದಳು. ಒಂದು ಹನಿ ಎಣ್ಣೆ. ಹೊಸ ಬ್ರೇಕು ಸಲೀಸಾಗಿ ಏರಿತು. ವಾಷರ್ ಇಲ್ಲದೆ ಕಿಂಡಿಗಳು ಸಮವನ್ನು ದಾಟಿ ಕೆಳಕ್ಕೆ ತಿರುಗಿದವು. ದಪ್ಪ ವಾಷರ್ ಹಾಕಿದಳು. ಸಮಕ್ಕೆ ಬರುವ ಮುಂಚೆಯೇ ಬಿಗಿಯಿತು. ಇನ್ನೊಂದು. ಅದೂ ಅಲ್ಲ. ನಾಲ್ಕನೆಯ ವಾಷರಿಗೆ ಬ್ರೇಕು ಕೂದಲೆಳೆಯಷ್ಟು ಮುಂಚೆ ನಿಂತಿತು. ಪಾನಾ ಹಿಡಿದು ಒಂದು ಎಳೆತ ಎಳೆದಳು. ಮೇಲೆ ಪುಟ್ಟ ರಸಮಟ್ಟ ಇಟ್ಟಾಗ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತಿತು.

ಆಮೇಲೆ ಸರಳು. ಬ್ರೇಕಿನ ತೂತಿನಿಂದ ನಳಿಕೆಯೊಳಕ್ಕೆ ತಳ್ಳಿ, ಗೇಣುದ್ದ ಹೊರಗೆ ಬಿಟ್ಟಳು. ದೀಪವನ್ನು ತಾನೇ ಹಿಡಿದು ಬಗ್ಗಿದಳು. ಸರಳಿನ ಸುತ್ತ ತೆಳು ಬಳೆಯಂತೆ ಕತ್ತಲು. ಕಣ್ಣನ್ನು ನಂಬದೆ ಕಾಗದದ ಪಟ್ಟಿ ಮಡಿಸಿ ನಾಲ್ಕೂ ಕಡೆ ತೂರಿಸಿ ನೋಡಿದಳು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ನಾಲ್ಕೂ ಕಡೆ ಒಂದೇ ಬಿಗಿಯಲ್ಲಿ ಜಾರಿತು. ಇನ್ನೊಮ್ಮೆ ನೋಡಿದಳು. ಮೂರನೆಯ ಸಲಕ್ಕೆ ಟೆಸ್ಕಿ ದೀಪ ಇಸಿದುಕೊಂಡ.

“ನೇರ ಇದೆ,” ಎಂದಳು.

“ಹೂಂ.”

“ಡೊಂಕು ಸರಳಲ್ಲಿ ನೋಡಿ ನೇರ ಹೇಗೆ ಬಂತು?”

“ಎರಡನೇ ತಾರೀಖು ಅದು ಡೊಂಕಾಗಿರ್ಲಿಲ್ಲ.” ಮುದುಕ ಹೀಟರಿನ ಕಡೆ ತಿರುಗಿದ. “ಎಂಟನೇ ತಾರೀಖು ಕೈಯಿಂದ ಜಾರಿ ಬಿತ್ತಂತೆ. ಮಾರನೇ ದಿನ ಇಲ್ಲಿಗೆ ಬಂದ. ಟೆಸ್ಕಿ, ನನ್ನ ಕೈ ನನ್ನ ಮಾತು ಕೇಳ್ತಿಲ್ಲ, ಮೊದಲು ಮಾಡಿದ್ದೆಲ್ಲ ಹೇಗಿದೆಯೋ ಅಂದ. ನಿಂಗೆ ಹೇಳ್ಬೇಡ ಅಂದ. ಸೀಸನ್ ಮುಗೀಲಿ, ಡಾಕ್ಟರ ಹತ್ರ ಹೋಗ್ತೀನಿ ಅಂದ. ನಾನು ಮಾತು ಕೊಟ್ಟೆ. ಕೊಡಬಾರ್ದಿತ್ತು.”

ಟೆಸ್ಕಿ ಮೇಜಿನ ಮೇಲಿದ್ದ ವರ್ಲಿನ್‌ನ ಚೀಟಿಯನ್ನು ಎತ್ತಿಕೊಂಡು, ಕನ್ನಡಕ ಸರಿ ಮಾಡಿಕೊಂಡು, ಹಿಂದುಮುಂದು ತಿರುಗಿಸಿದ. ಹಿಂಬದಿ ನೋಡಿ ಅವಳಿಗೆ ಕೊಟ್ಟ. ಪೆನ್ಸಿಲಿನ ಓರೆ ಅಕ್ಷರ: ‘ವರ್ಲಿನ್ ಕ್ಯಾಂಪಿನಲ್ಲಿದ್ದಾನೆ. ಬಂದ ಮೇಲೆ ನೋಡುವುದು.’

ತಂದಿದ್ದನ್ನೆಲ್ಲ ವಾಪಸು ಹೊತ್ತು ಮನೆಗೆ ಬಂದು ತಂತಿಯಲ್ಲಿದ್ದ ಉಳಿದ ಹತ್ತು ಚೀಟಿ ತಿರುಗಿಸಿದಳು. ಅವೂ ಏಳು ಮಿಲಿಮೀಟರಿನವೇ. ಹತ್ತರ ಹಿಂದೆಯೂ ಇನ್ನೊಂದು ತಾರೀಖಿತ್ತು, ‘ಟೆಸ್ಕಿ ಸರಳು’ ಎಂದಿತ್ತು, ಸರಿ ಗುರುತಿತ್ತು. ಹದಿಮೂರು. ಹದಿನಾರು. ಇಪ್ಪತ್ತೊಂದು. ಅವೆಲ್ಲ ಅವನು ಸುಮ್ಮನೆ ಒಂದು ಸುತ್ತು ಹೋಗಿಬಂದ ಸಂಜೆಗಳು. ಅತಿ ದೂರದ ಮನೆಗೆ ಹೋಗಿಬರಲು ಮೂವತ್ತೊಂದು ಮೈಲಿ. ಹತ್ತು ಮನೆಯವರು ಅವನಿಗೆ ಬಾಗಿಲು ತೆರೆದಿದ್ದರು. ಒಬ್ಬರೂ ಅವಳಿಗೆ ಹೇಳಿರಲಿಲ್ಲ. ಹೇಳುವಂಥದ್ದೆಂದು ಅವರಿಗೆ ತೋರಿಯೂ ಇರಲಿಕ್ಕಿಲ್ಲ. ಅವನ ಅಂಗಿ ಇನ್ನೂ ಬಾಗಿಲ ಹಿಂದಿನ ಗೂಟದಲ್ಲಿತ್ತು. ಅವಳು ಅದರ ಕಡೆ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ರೈಫಲ್ಲನ್ನೂ, ತೊಳೆದ ಆಲೂಗಡ್ಡೆ ತಟ್ಟೆಯನ್ನೂ ತೆಗೆದುಕೊಂಡು ನದಿ ದಾಟಿದಳು. ಬಾಗಿಲು ತೆರೆದವಳು ಲೋರ್ನಾ. ಎಡಗೆನ್ನೆಯ ಮೇಲೆ ಕಪ್ಪು ದಾರದ ಐದು ಗಂಟು. ವರ್ಲಿನ್ ಅಡುಗೆಮನೆಯ ಮೇಜಿನ ಮುಂದೆ ಕಾಫಿ ಹಿಡಿದು ಕೂತಿದ್ದ, ರೈಫಲ್ ನೋಡಿದರೂ ಏಳಲಿಲ್ಲ. ಮಾರಿಟ್ ಲಕೋಟೆಯಿಂದ ತಗಡಿನ ಚೂರನ್ನು ಅವನ ಲೋಟದ ಪಕ್ಕಕ್ಕೆ ಉದುರಿಸಿದಳು. ಇದು ಎಲ್ಲಿಂದ ಬಂತೆಂದು ಗೊತ್ತೇ ಎಂದಷ್ಟೇ ಕೇಳಿದಳು.

ವರ್ಲಿನ್ ಬಾಯಿ ತೆರೆಯುವ ಮೊದಲೇ ಲೋರ್ನಾ ಬಗ್ಗಿ ನೋಡಿದಳು. “ಇದು ನನ್ನ ನಿಂಬೆ ಸೋಡದ ಕ್ಯಾನು. ಈ ಮನೇಲಿ ಅದನ್ನ ಕುಡಿಯೋಳು ನಾನೊಬ್ಳೇ. ಕ್ಯಾಂಪಿಗೆ ಆರು ಒಯ್ದಿದ್ದೆ. ನಿಂಗೆಲ್ಲಿ ಸಿಕ್ತು?”

“ಬ್ರೇಕಿನ ಹಿಂದೆ.”

ಲೋರ್ನಾ ಗಂಡನ ಮುಖ ನೋಡಿದಳು. ಅವಳ ಕೈ ತಾನಾಗಿ ಕೆನ್ನೆಗೆ ಹೋಯಿತು.

“ನಾನು ಸೌದೆ ತರೋಕೆ ಹೋದಾಗ ಮಾಡಿದ್ಯಾ?” ಎಂದಳು. “ಟೀ ಕಾಸ್ತಾ ಕೂತಿದ್ದೆ ಅಂದ್ಯಲ್ಲೋ.”

“ಅಷ್ಟು ಸಣ್ಣ ಉಂಗುರ,” ಎಂದ ವರ್ಲಿನ್, ಲೋಟಕ್ಕೇ ಹೇಳುವವನಂತೆ. “ಹಿಮದಲ್ಲಿ ಒಂದು ಗಂಟೆ ಹುಡುಕಿದೆ. ಇದೇನ್ ಮಹಾ ಅಂತ ಅಂದ್ಕೊಂಡೆ. ಆಮೇಲೆ ನಿನ್ನ ಮುಖ ನೋಡಿ, ಲೋರ್ನಾ, ಇದು ನನ್ನ ಕೈ ಮಾಡಿದ್ದು ಅಂತ ಹೇಳೋಕೆ ಆಗ್ಲಿಲ್ಲ. ಕೆಳಗಿಳಿದು ಬರೋಷ್ಟರಲ್ಲಿ ಅವನು ಸತ್ತಿದ್ದ. ಅವನಿಗೆ ಇನ್ನೇನೂ ನೋಯಲ್ಲ ಅನ್ನಿಸ್ತು.”

“ನಂಗೆ?” ಎಂದಳು ಮಾರಿಟ್.

ಲೋರ್ನಾ ಕುರ್ಚಿ ಎಳೆದು ಮಾರಿಟ್‌ಗೆ ಕೊಟ್ಟಳು. ಅವಳು ಕೂರಲಿಲ್ಲ.

ಗುರುವಾರದ ಊಟದಲ್ಲಿ ವರ್ಲಿನ್ ನಿಂತು ಹೇಳಿದ ಎಂದು ಮರುದಿನ ಕಚೇರಿಯಲ್ಲಿ ಗೊತ್ತಾಯಿತು. ಟೋಪಿ ಕೈಯಲ್ಲಿ ಹಿಡಿದು ನಾಲ್ಕೇ ಮಾತು. ಎಮೆಟ್‌ನ ಕೆಲಸದಲ್ಲಿ ಕುಂದು ಇರಲಿಲ್ಲ, ಬಿಚ್ಚಿ ಕೆಡಿಸಿದವನು ನಾನು. ಆಲೂಗಡ್ಡೆಯ ತಟ್ಟೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತಂತೆ. ಮಾರಿಟ್ ಊಟಕ್ಕೆ ಹೋಗಿರಲಿಲ್ಲ. ಅವನು ಪೂರ್ತಿ ಹೇಳಿದನೋ, ಅರ್ಧ ಹೇಳಿದನೋ ಎಂದು ಇನ್ನಿಬ್ಬರನ್ನು ಕೇಳಿ ಖಚಿತ ಮಾಡಿಕೊಂಡಳು.

ಆ ಸಂಜೆ ವರ್ಲಿನ್‌ನ ಚೀಟಿಯ ಹಿಂಬದಿಯಲ್ಲಿ, ಎಮೆಟ್‌ನ ಸಾಲಿನ ಕೆಳಗೆ ತಾರೀಖು ಬರೆದು ಸರಿ ಗುರುತು ಹಾಕಿ ತಂತಿಗೆ ಪೋಣಿಸಿದಳು. ಟೆಸ್ಕಿಯ ಸರಳನ್ನು ಕಲ್ಲುಹಾಸಿನ ಮೇಲೆ ಎರಡು ಸಲ ಉರುಳಿಸಿ ನೋಡಿ, ಎಣ್ಣೆ ಬಟ್ಟೆ ಸುತ್ತಿ, ಕೊಳವೆಗೆ ಇಳಿಸಿದಳು.

ಶನಿವಾರ ಮಧ್ಯಾಹ್ನ ಅವಳು ಹೋದಾಗ ಟೆಸ್ಕಿ ಒಬ್ಬನೇ ಇದ್ದ. ನಿನ್ನ ಹತ್ತಿರವೇ ಇಟ್ಟುಕೋ, ನನಗಿನ್ನು ಯಾರು ರೈಫಲ್ ತರುತ್ತಾರೆ ಎಂದ. ಅವಳು ಟೇಪಿನ ಮೇಲಿನ ಅಕ್ಷರ ತೋರಿಸಿದಳು. ‘ವಾಪಸು ಕೊಡುವುದು.’ ಮುದುಕ ಅದನ್ನು ಬಹಳ ಹೊತ್ತು ಓದಿದ.

ಆಮೇಲೆ ಸರಳನ್ನು ಹೊರಗೆಳೆದು, ಅವಳ ಎದುರಿಗೇ ಕಲ್ಲುಹಾಸಿನ ಮೇಲಿಟ್ಟು ಉರುಳಿಸಿದ. ಎರವಲು ಹೋದ ಸರಳು ಬಂದಾಗ ಕೊಟ್ಟವನು ಹೀಗೆ ನೋಡುವುದು ರೂಢಿ; ಎಮೆಟ್ ಬಂದಿದ್ದರೂ ನೋಡುತ್ತಿದ್ದ. ಮಾರಿಟ್ ಸರಳಿನ ಕೆಳಗೆ ಕಣ್ಣಿಟ್ಟು ನಿಂತಳು. ಅದು ಹಾಸಿನ ತುದಿಯವರೆಗೆ ಉರುಳಿ ಹೋಯಿತು. ಬೆಳಕು ಎಲ್ಲಿಯೂ ಕಾಣಲಿಲ್ಲ.

“ನೇರ ಇದೆ,” ಎಂದ ಟೆಸ್ಕಿ.

“ಗೊತ್ತು,” ಎಂದಳು. ಖಾಲಿ ಕೊಳವೆಯನ್ನೂ ಅವನ ಮುಂದಿಟ್ಟು, ಟೇಪನ್ನು ಹಾಗೆಯೇ ಬಿಟ್ಟು, ಮೆಟ್ಟಿಲು ಹತ್ತಿದಳು.